ಮಹಮೂದಾಬೇಗಂ ಬೆಳೆದ ಆಲೂಗಡ್ಡೆ

ಗುತ್ತಲದ ಮಹಮೂದಾಬೇಗಂ ಮನೆಯ ಹಿತ್ತಲಿನಲ್ಲಿ ಆಲೂಗಡ್ಡೆ ಹಾಕಲು ಶುರುಮಾಡಿ ಆರು ವರ್ಷವಾಗಿತ್ತು. ಮೊದಲ ವರ್ಷ ನೀರು ಹೆಚ್ಚಾಗಿ ಎಲ್ಲ ಕೊಳೆತುಹೋದವು. ಎರಡನೆಯ ವರ್ಷ ಬುಡಕ್ಕೆ ಮಣ್ಣು ಏರಿಸುವುದು ತಿಳಿಯದೆ, ಬಿಸಿಲು ಬಿದ್ದ ಗಡ್ಡೆಗಳು ಹಸಿರಾಗಿ ತಿಪ್ಪೆಗೆ ಹೋದವು. ಆದರೂ ಬಿಡಲಿಲ್ಲ. ಬೀಜದ ಗಡ್ಡೆಯಲ್ಲಿ ಮೊಳಕೆಯ ಕಣ್ಣು ನೋಡಿ ಹೋಳು ಮಾಡಿ, ಕೊಯ್ದ ಮೈಗೆ ಬೂದಿ ಹಚ್ಚಿ, ಎರಡು ದಿನ ನೆರಳಲ್ಲಿ ಆರಿಸಿ ನೆಡುವುದನ್ನು ತಾನೇ ಮಾಡಿ ಮಾಡಿ ಕಲಿತಳು. ಗಂಡ ಕಾಸೀಮಸಾಬ ಬಸ್‌ಸ್ಟ್ಯಾಂಡಿನ ಹತ್ತಿರ ಮಿಕ್ಸರ್, ಫ್ಯಾನು ರಿಪೇರಿ ಮಾಡುವವನು. ಹಿತ್ತಲಿಗೆ ಕಾಲಿಡುತ್ತಿದ್ದದ್ದು ಮುಖ ತೊಳೆಯಲು ಮಾತ್ರ.

ಈ ವರ್ಷ ಹಾವೇರಿಯ ಒಂದು ಸಂಘದವರು ಹಿತ್ತಲ ತೋಟಗಳ ಸ್ಪರ್ಧೆ ಇಟ್ಟರು. ಕಾರ್ಯದರ್ಶಿ ಪ್ರಭುಲಿಂಗಪ್ಪ ಖುದ್ದಾಗಿ ನೋಡಲು ಬಂದ. ಅವಳು ಒಂದು ಗಿಡ ಕಿತ್ತು ತೋರಿಸಿದಳು. ಬುಡದಲ್ಲಿ ಮುಷ್ಟಿಗಾತ್ರದ ಒಂಬತ್ತು ಗಡ್ಡೆ! ಅವನು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದಳು, ಚಹಾ ಕೊಟ್ಟಳು. ಹೊರಡುವಾಗ ಅವನು ವಹಿ ತೆಗೆದು, "ಯಜಮಾನ್ರ ಹೆಸರೇನ್ರೀ?" ಎಂದ. ಕೇಳಿದ್ದನ್ನು ಹೇಳಿದಳು.

ಬಹುಮಾನದ ದಿನ ಹಾವೇರಿಯ ಸಭಾಭವನದಲ್ಲಿ ಮೈಕು ಕೂಗಿತು: "ಆಲೂಗಡ್ಡೆ ಬೆಳೆಯಲ್ಲಿ ಮೊದಲ ಬಹುಮಾನ, ಶ್ರೀ ಕಾಸೀಮಸಾಬ!"

ಕಾಸೀಮಸಾಬ ಒಮ್ಮೆ ಹೆಂಡತಿಯ ಮುಖ ನೋಡಿದ. ಆಮೇಲೆ ಎದ್ದು ಹೋಗಿ ಶಾಲು ಹೊದಿಸಿಕೊಂಡ. ಚಪ್ಪಾಳೆ ಬೀಳುತ್ತಿದ್ದಂತೆ ಮಹಮೂದಾಬೇಗಂಳ ಮೈಯೆಲ್ಲ ಉರಿದುಹೋಯಿತು. ಸರಸರ ವೇದಿಕೆ ಹತ್ತಿದಳು.

"ಸಾಹೇಬ್ರ, ಅವತ್ತು ನಮ್ಮ ಹಿತ್ತಲದಾಗ ಯಾರ ಕೂಡ ಮಾತಾಡಿದ್ರಿ?"

ಪ್ರಭುಲಿಂಗಪ್ಪ ನಕ್ಕ. "ನಿಮ್ಮ ಕೂಡನ. ಯಾರ ಹೆಸರಿದ್ರೇನವಾ, ಬಹುಮಾನ ಒಂದ ಮನಿಗೆ ಬರ್ತೈತಲ್ಲ?"

"ಹಂಗಾರ ನಿಮ್ಮ ಕುರ್ಚಿ ಮ್ಯಾಲ ನಿಮ್ಮ ಮನ್ಯಾವ್ರನ್ನ ಕೂಡಸ್ರಿ, ಅವ್ರೂ ಒಂದ ಮನ್ಯಾವ್ರಲ್ಲೇನು? ಬೂದಿ ಯಾಕ ಹಚ್ಚತಾರ, ಮಣ್ಣು ಎಷ್ಟ ಸಲ ಏರಸ್ತಾರ, ಕೇಳ್ರಿ ಇವ್ರನ್ನ!"

ಅಷ್ಟೂ ಮಾತು ಮೈಕಿನಲ್ಲಿ ಕೇಳಿಸಿತು. ಕಾಸೀಮಸಾಬ ತಲೆ ತಗ್ಗಿಸಿ ಶಾಲು ತೆಗೆದ. "ನನಗ ಗೊತ್ತಿಲ್ರಿ. ಬೆಳದಾಕಿ ಆಕಿನ."

"ಸರ್ಟಿಫಿಕೇಟ್ ಪ್ರಿಂಟ್ ಆಗೇತವಾ, ಈಗ ಏನೂ ಮಾಡಾಕ ಬರೂದಿಲ್ಲ," ಎಂದ ಪ್ರಭುಲಿಂಗಪ್ಪ.

"ಕಿಸೇದಾಗ ಪೆನ್ನು ಐತಲ್ರಿ?"

ಕೆಳಗೆ ಕೂತಿದ್ದ ಹೆಂಗಸರು "ಬರೀರಿ, ಬರೀರಿ" ಎಂದು ಕೂಗಿದರು. ಅವನು ಹಳೆಯ ಹೆಸರಿನ ಮೇಲೆ ಗೀಟು ಎಳೆದು, ಅವಸರದಲ್ಲಿ 'ಮಹಮೂದ' ಎಂದು ಗೀಚಿದ.

"ಅದು ಗಂಡಸಿನ ಹೆಸರ್ರೀ. ಪೂರ್ತಿ ಬರೀರಿ."

ಬರೆದ. ಅವಳು ಎರಡು ಸಲ ಓದಿ ನೋಡಿ ಕೈಗೆ ತೆಗೆದುಕೊಂಡಳು.

ಊರಿಗೆ ಮರಳುವ ಬಸ್ಸಿನಲ್ಲಿ ಕಾಸೀಮಸಾಬ ಮೆಲ್ಲಗೆ, "ಹೆಸರು ಕೂಗಿದ್ರು, ಎದ್ದೆ" ಎಂದ.

"ಕೂಗಿದ್ದು ಅವ್ರ ತಪ್ಪು. ನಿಮಗ ಗೊತ್ತಿತ್ತಲ್ಲ, ನೀವ್ಯಾಕ ಎದ್ರಿ?"

ಗುತ್ತಲ ಬರುವವರೆಗೂ ಅವಳು ಕಿಟಕಿಯಾಚೆಯೇ ನೋಡುತ್ತ ಕೂತಳು. ಮರುದಿನ ಓಣಿಯ ಹೆಂಗಸರು ಬಂದಾಗ ನಗುನಗುತ್ತ ಸರ್ಟಿಫಿಕೇಟ್ ತೋರಿಸಿದಳು. ಗಂಡನ ಮೇಲಿನ ಸಿಟ್ಟು ಇಳಿಯಲು ಮಾತ್ರ ವಾರ ಹಿಡಿಯಿತು.