ಬಾವಿ ಪಕ್ಕದ ಬೂದಿಗುಂಡಿ

ನಮ್ಮ ಮನೆಯ ಹೆಣ್ಣುಮಗಳು ಇಂಜಿನಿಯರಿಂಗ್ ಪಾಸು ಮಾಡುವುದು ಆಗದ ಹೋಗದ ಮಾತು ಅಂದವನು ನನ್ನ ದೊಡ್ಡಪ್ಪ. ಮರೆಯಲ್ಲಿ ಅಂದದ್ದಲ್ಲ. ಅಪ್ಪ ನನ್ನನ್ನು ಮೈಸೂರಿನ ಕಾಲೇಜಿಗೆ ಸೇರಿಸಿ ಬಂದ ಸಂಜೆ, ಜಗಲಿಯ ಮೇಲೆ ಕೂತು, ನನ್ನೆದುರಿಗೇ ಅಂದ.

“ನಮ್ ವಂಸದಲ್ಲಿ ಎಸ್ಸೆಲ್ಸಿ ದಾಟ್ದೋರೇ ಇಲ್ಲ. ಇವ್ಳು ಇಂಜಿನೇರ್ ಆದ್ರೆ ಮೀಸೆ ಬೋಳಿಸ್ಕತೀನಿ ಕಣ್ಲಾ.”

“ಅದ್ನ ಮೀಸೆ ಅಂತ ಬ್ಯಾರೆ ಕರೀಬೇಕಾ ಅಣ್ಣಯ್ಯ, ಇರೋದೇ ನಾಕ್ ಕೂದ್ಲು” ಅಂದ ಅಪ್ಪ.

ದೊಡ್ಡಪ್ಪನ ಕಸುಬು ಇಟ್ಟಿಗೆ. ಹೊಲದ ಮೂಲೆಯಲ್ಲಿ ಮಣ್ಣು ತೆಗೆದು, ಕೆರೆಯ ಗೋಡುಮಣ್ಣು ಬೆರೆಸಿ ತುಳಿದು, ಅಚ್ಚು ಹಾಕಿ, ಗೂಡು ಸುಟ್ಟು, ಹೆಮ್ಮರಗಾಲದಿಂದ ಹಿಡಿದು ತಿ. ನರಸೀಪುರದವರೆಗೆ ಮನೆ ಕಟ್ಟುವವರಿಗೆ ಕೊಟ್ಟವನು. ಮಂಡಿ ಸೋತ ಮೇಲೆ ಗೂಡು ನಿಂತಿತು, ಮಣ್ಣು ತೆಗೆದ ಗುಂಡಿ ಉಳಿಯಿತು. ಅದಕ್ಕೆ ಹತ್ತಿರದಲ್ಲೇ ನಮ್ಮ ಎರಡೂ ಮನೆಗಳ ಬಾವಿ. ಊರಿಗೆ ನಲ್ಲಿ ಬಂದಿದ್ದರೂ ಬೋರ್‌ವೆಲ್ಲಿನ ಗಡಸು ನೀರಿಗೆ ಕಾಳು ಬೇಯುವುದಿಲ್ಲವೆಂದು ಬೀದಿಯ ಹೆಂಗಸರೆಲ್ಲ ಅಡುಗೆ ನೀರಿಗೆ ಆ ಬಾವಿಗೇ ಬರುತ್ತಿದ್ದರು.

ನಾನು ಸಿವಿಲ್ ಮೂರನೇ ವರ್ಷದಲ್ಲಿದ್ದಾಗ ಟಿಪ್ಪರಿನವನೊಬ್ಬ ದೊಡ್ಡಪ್ಪನನ್ನು ಹುಡುಕಿಕೊಂಡು ಬಂದ. ನಂಜನಗೂಡಿನ ಕಡೆಯ ಯಾವುದೋ ಕಾರ್ಖಾನೆಯ ಬಾಯ್ಲರಿನಲ್ಲಿ ಕಲ್ಲಿದ್ದಲು ಉರಿದು ಉಳಿದ ಬೂದಿ ಇದೆ, ಪುಕ್ಕಟೆಯಾಗಿ ಗುಂಡಿ ತುಂಬಿಸಿಕೊಡುತ್ತೇನೆ ಅಂದ. ದೊಡ್ಡಪ್ಪ ಕೂಡಲೇ ಒಪ್ಪಲಿಲ್ಲ. ಶನಿವಾರ ನಾನು ಬಸ್ಸಿಳಿದು ಬರುವವರೆಗೆ ಕಾದ.

“ಮಗ, ನೀನು ಇದ್ನೇ ಅಲ್ವ ಓದ್ತಿರದು? ಆ ಬೂದಿ ತುಂಬುಸ್ಬೋದಾ? ಬಾವಿ ಅತ್ರ ಅದೆ, ಅದ್ಕೇ ಕೇಳ್ದೆ.”

ಮಣ್ಣಿನ ವಿಚಾರಕ್ಕೆ ಊರೇ ಅವನನ್ನು ಕೇಳುತ್ತಿತ್ತು. ಅವನು ನನ್ನನ್ನು ಕೇಳಿದ. ನನ್ನ ಎದೆ ಉಬ್ಬಿತು. ತಗ್ಗು ನೆಲವನ್ನು ಬೂದಿಯಿಂದ ತುಂಬಬಹುದೆಂದು ಪುಸ್ತಕದಲ್ಲಿ ಓದಿದ್ದೆ. ಅದೇ ಪುಟದ ಕೆಳಗೆ ಇನ್ನೂ ಇತ್ತು: ಅಂತರ್ಜಲ ಎಷ್ಟು ಆಳದಲ್ಲಿದೆ ನೋಡಬೇಕು, ತಳಕ್ಕೆ ಜೇಡಿಮಣ್ಣು ಬಡಿದು ಗಟ್ಟಿ ಮಾಡಬೇಕು, ಬೂದಿಯನ್ನು ಪದರ ಪದರವಾಗಿ ಹಾಸಿ ಅದುಮಬೇಕು, ಮೇಲೆ ಮಣ್ಣು ಮುಚ್ಚಿ, ಮಳೆನೀರು ನಿಲ್ಲದಂತೆ ಇಳಿಜಾರು ಕೊಡಬೇಕು. ಪರೀಕ್ಷೆಯಲ್ಲಿ ಅಷ್ಟನ್ನೂ ಬರೆದು ಮಾರ್ಕ್ಸು ತೆಗೆದವಳು ನಾನು. ಜಗಲಿಯ ಮೇಲೆ ಒಂದೂ ನೆನಪಾಗಲಿಲ್ಲ. ಅಥವಾ ನೆನಪಾಗಿತ್ತು, ಹೇಳಿದರೆ ಇವಳಿಗೆ ಸರಿಯಾಗಿ ಗೊತ್ತಿಲ್ಲ ಅಂದುಕೊಂಡಾನು ಎಂದು ನುಂಗಿಕೊಂಡೆ. ಯಾವುದು ನಿಜವೋ ಇವತ್ತಿಗೂ ನನಗೆ ಖಚಿತವಿಲ್ಲ.

“ತುಂಬ್ಸು ದೊಡ್ಡಪ್ಪ, ಏನೂ ಆಗಲ್ಲ. ಬೂದಿ ತಾನೆ” ಅಂದೆ.

ಬೂದಿ ಅಂದರೆ ನಮ್ಮಲ್ಲಿ ಯಾರೂ ಹೆದರುವುದಿಲ್ಲ. ಒಲೆ ಬೂದಿಯಲ್ಲಿ ಪಾತ್ರೆ ಬೆಳಗುತ್ತೇವೆ, ಹುಳು ಬೀಳದಿರಲೆಂದು ಬಿತ್ತನೆ ಅವರೆಗೆ ಬೆರೆಸಿ ಇಡುತ್ತೇವೆ, ಬದನೆ ಗಿಡಕ್ಕೆ ಎರಚುತ್ತೇವೆ. ಟಿಪ್ಪರ್ ಸುರಿದು ಹೋದ ಮಾರನೆಯ ದಿನವೇ ದೊಡ್ಡವ್ವ ಒಂದು ಮಂಕರಿ ತುಂಬಿಕೊಂಡು ಬಂದು ಪಾತ್ರೆ ಉಜ್ಜಿದಳು.

“ಇದ್ಯಾವ ಬೂದಿನೋ ಕಾಣೆ, ಕೈಯೆಲ್ಲ ಉರೀತದೆ” ಅಂದಳು.

“ಕಾರ್ಖಾನೆ ಬೂದಿ ಅಲ್ವ, ಕೊಬ್ಬು ಜಾಸ್ತಿ” ಎಂದು ನಾನು ನಕ್ಕೆ. ಕೊನೇಪಕ್ಷ ಆವಾಗಲಾದರೂ ನನಗೆ ಹೊಳೆಯಬೇಕಿತ್ತು.

ಮಳೆ ಹಿಡಿಯಿತು. ಗುಂಡಿಯಲ್ಲಿ ಬೂದಿ ಅಂಬಲಿಯಂತಾಯಿತು. ನೀರು ಎಲ್ಲಿಗೂ ಹರಿದು ಹೋಗಲಿಲ್ಲ, ನಿಂತಲ್ಲೇ ಇಂಗಿತು. ಆದ ಕೇಡನ್ನು ಮೊದಲು ಕಂಡುಹಿಡಿದದ್ದು ದೊಡ್ಡವ್ವನ ಒಲೆ.

“ಕಾಳು ಬೇಯ್ತಿಲ್ಲ ಕಣವ್ವ. ಬೆಳಗ್ನಿಂದ ಸೌದೆ ಉರುಸ್ತಾ ಇವ್ನಿ, ಅವರೆಕಾಳು ಅಂಗೇ ಕಲ್ಲಾಗಿ ಕುಂತದೆ.”

ಎರಡು ಬಾಟಲಿಯಲ್ಲಿ ಬಾವಿಯ ನೀರು ಹಿಡಿದು ಕಾಲೇಜಿನ ಲ್ಯಾಬಿಗೆ ಕೊಂಡೊಯ್ದೆ. ಕುಡಿಯಲು ಯೋಗ್ಯವಲ್ಲ ಎಂದು ಹಾಳೆ ಬಂತು. ಅದನ್ನು ದೊಡ್ಡಪ್ಪನ ಮುಂದೆ ಓದಿದೆ. ಅವನು ಹಗ್ಗ ಕೊಡಗಳನ್ನು ಎತ್ತಿ ಕೊಟ್ಟಿಗೆಯಲ್ಲಿಟ್ಟು, ಬಾವಿಯ ಬಾಯಿಗೆ ಮುಳ್ಳು ಕಡಿದು ಹಾಕಿ ಬಂದ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಬೈದದ್ದು ನಲ್ಲಿಯ ಹತ್ತಿರ ಸಾಲು ನಿಂತ ಹೆಂಗಸರು, ಅದೂ ನನ್ನ ಕಿವಿಗೆ ಬೀಳುವಂತೆ.

“ಓದಿರೋ ಎಣ್ಣು ಯೋಳ್ತು ಅಂತ ತುಂಬುಸಿದ್ರಂತೆ ಕಣಕ್ಕ.”

“ಓದ್ದೇ ಇರೋರ್ನ ಕೇಳಿದ್ರೆ ಬಾವೀನಾದ್ರೂ ಉಳೀತಿತ್ತೇನೋ ಬುಡು.”

ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾನು ಆ ಗುಂಡಿಯನ್ನೇ ತೆಗೆದುಕೊಂಡೆ. ಬೂದಿಯನ್ನು ಅಗೆದು ತೆಗೆದು ಇಟ್ಟಿಗೆ ಮಾಡುವುದು. ತಿ. ನರಸೀಪುರದ ಹೊರಗೆ ಸಿಮೆಂಟ್ ಇಟ್ಟಿಗೆ ಒತ್ತುವ ಶೆಡ್ಡಿನವರು ಭಾನುವಾರ ಯಂತ್ರ ಬಳಸಿಕೊಳ್ಳಲು ಬಿಟ್ಟರು. ಬೂದಿ, ಸುಣ್ಣ, ಕಲ್ಲುಪುಡಿ, ಸ್ವಲ್ಪ ಸಿಮೆಂಟು. ಮೊದಲ ಸಲ ಒತ್ತಿದವು ಒಣಗಿದ ಮೇಲೆ ಬೆರಳಿಗೇ ಉದುರಿದವು. ನಾನು ತಲೆ ಹಿಡಿದುಕೊಂಡು ಕೂತಿದ್ದಾಗ, ಕರೆಯದಿದ್ದರೂ ದೊಡ್ಡಪ್ಪ ಬಸ್ಸು ಹಿಡಿದು ಬಂದ. ಒಂದನ್ನು ಮುರಿದು ಒಳಗೆ ನೋಡಿದ.

“ಇದ್ರಲ್ಲಿ ಉರೀದೆ ಇರೋ ಇದ್ಲು ಅಂಗೇ ಅದಲ್ಲವ್ವ. ಕರೀ ಚುಕ್ಕಿ ಕಾಣಾಕಿಲ್ವ? ಒಣಗುಸಿ, ಜರಡಿ ಆಡು ಮೊದ್ಲು.”

“ಅದ್ಕೆ ಲಾಸ್ ಆನ್ ಇಗ್ನಿಷನ್ ಅಂತಾರೆ ದೊಡ್ಡಪ್ಪ.”

“ಏನಾರ ಅನ್ಲಿ. ಜರಡಿ ಆಡು.”

ಆಡಿದೆವು. ಮತ್ತೆ ಒತ್ತಿ, ಒದ್ದೆ ಗೋಣಿ ಹೊದಿಸಿ, ವಾರಗಟ್ಟಲೆ ನೀರುಣಿಸಿದೆವು. ದೊಡ್ಡಪ್ಪ ಎರಡು ಇಟ್ಟಿಗೆ ತೆಗೆದು ಒಂದಕ್ಕೊಂದು ತಟ್ಟಿ ಕಿವಿಗೊಟ್ಟ, ಉಗುರಿನಿಂದ ಗೀರಿದ, ಸೊಂಟದೆತ್ತರದಿಂದ ನೆಲಕ್ಕೆ ಬಿಟ್ಟ. ಒಡೆಯಲಿಲ್ಲ. ಅವನು ಒಪ್ಪಿದ ಮೇಲೆ ಕಾಲೇಜಿನ ಒತ್ತಡ ಪರೀಕ್ಷೆಯ ಯಂತ್ರವೂ ಒಪ್ಪಿತು. ನಮ್ಮ ಕೊಟ್ಟಿಗೆಯ ಗೋಡೆ ಈಗ ಆ ಇಟ್ಟಿಗೆಯದೇ.

ಆದರೆ ಗುಂಡಿಯ ತಳದ ಬೂದಿ ಕೆಸರಾಗಿ ಕಚ್ಚಿಕೊಂಡಿತ್ತು. ತೆಗೆಯಲು ಆಗಲಿಲ್ಲ. ಅದರ ಮೇಲೆ ಜೇಡಿಮಣ್ಣು ಬಡಿದು, ಇಳಿಜಾರು ಮಾಡಿ, ಸುತ್ತ ಕಾಲುವೆ ತೆಗೆದೆವು. ಮೊದಲೇ ಮಾಡಬೇಕಾಗಿದ್ದ ಕೆಲಸ. ಅಂದಿನಿಂದ ಪ್ರತಿ ಮಳೆಗಾಲ ಮುಗಿದ ಮೇಲೆ ಬಾವಿಯ ನೀರು ಪರೀಕ್ಷೆಗೆ ಒಯ್ಯುತ್ತೇನೆ. ಸ್ವಲ್ಪ ಸುಧಾರಿಸಿದೆ. ಕುಡಿಯುವ ಹಾಗಾಗಿಲ್ಲ. ಆಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ.

ಪದವಿ ಪತ್ರ ಕೈಗೆ ಬಂದ ದಿನ ಅಪ್ಪ ಬೀದಿಗೆಲ್ಲ ಸಕ್ಕರೆ ಹಂಚಿದ. ನನಗೆ ಹೆಮ್ಮೆ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಸೋಮವಾರಗಳಂದು ಕತ್ತಲೆಯಲ್ಲೇ ಎದ್ದು ಹಿಡಿದ ಬಸ್ಸುಗಳು, ಎರಡು ಸಲ ಫೇಲಾಗಿ ಮೂರನೆಯ ಸಲ ದಾಟಿದ ಗಣಿತ, ಯಾವುದನ್ನೂ ಯಾರೂ ನನಗೆ ಸುಮ್ಮನೆ ಕೊಟ್ಟಿರಲಿಲ್ಲ. ಆದರೂ ದೊಡ್ಡಪ್ಪನ ಜಗಲಿ ಹತ್ತುವಾಗ ಬಾವಿ ನೆನಪಾಯಿತು. ಪತ್ರವನ್ನು ಅವನ ಮುಂದೆ ಹಿಡಿದೆ. ಪಂಚೆಗೆ ಕೈ ಒರೆಸಿಕೊಂಡು ಎರಡೂ ಕೈಯಲ್ಲಿ ತೆಗೆದುಕೊಂಡ. ನನ್ನ ಹೆಸರು ಎಲ್ಲಿದೆ ಎಂದು ಕೇಳಿ, ನಾನು ತೋರಿಸಿದ ಕಡೆ ತುಂಬ ಹೊತ್ತು ನೋಡಿದ. ಆಮೇಲೆ ಮಡಿಕೆ ಬೀಳದಂತೆ ವಾಪಸು ಕೊಟ್ಟ.

“ನಾಳಿಂದ ಜನ ನಿನ್ನ ಕೇಳಾಕ್ ಬತ್ತಾರೆ ಕಣವ್ವ. ತಿಳ್ದಿರೋದಷ್ಟೇ ಯೋಳು. ತಿಳೀದಿದ್ರೆ, ನೋಡ್ಕಂಡು ಯೋಳ್ತೀನಿ ಅನ್ನು.”