ಮೀನೆಣ್ಣೆ ಬಳಿದ ಸಮುದ್ರ

ಚೌಕಟ್ಟಿನ ಕೆಳಗಿನ ಅಂಚಿನಲ್ಲಿ ಒಂದು ಹನಿ ಎಣ್ಣೆ ಗಟ್ಟಿಯಾಗಿ ನಿಂತಿತ್ತು. ಅದರೊಳಗೆ ಒಂದು ಇರುವೆ. ಒರೆಸಿದ ಬಟ್ಟೆಗೂ ಮೀನೆಣ್ಣೆಯ ವಾಸನೆ ಹತ್ತಿತು.

ಉಪ್ಪುಂದದ ಅಜ್ಜಿಮನೆಯಲ್ಲಿರುವ ಈ ತೈಲಚಿತ್ರ ಮಾವ ಚಿತ್ರಕಲೆ ಓದುತ್ತಿದ್ದಾಗ ಕಡಲ ದಂಡೆಯಲ್ಲೇ ನಿಂತು ಬರೆದದ್ದು. ಇಂಪ್ರೆಷನಿಸ್ಟರ ರೀತಿ, ಗೆರೆಗಳಿಲ್ಲ, ದಪ್ಪ ಬಣ್ಣದ ತುಣುಕುಗಳಲ್ಲಿ ಬೆಳಗಿನ ಬೆಳಕು. ನಡುವೆ ಒಂದು ದೋಣಿ. ದೋಣಿಯಲ್ಲಿ ಅಜ್ಜ, ಕುಂಚದ ಎರಡೇ ಗುರುತು. ಹತ್ತಿರ ಹೋದರೆ ಬರೀ ಬಣ್ಣ, ಹಿಂದೆ ಸರಿದರೆ ಅಜ್ಜ ನಿಂತಿರುತ್ತಿದ್ದರು. ಅದೇ ವರ್ಷ ಕಡಲಿಗೆ ಹೋದ ಅಜ್ಜ ಮರಳಲಿಲ್ಲ. ದೇಹವೂ ಸಿಗಲಿಲ್ಲ. ಗೋಡೆಯ ಮೇಲೆ ಅಜ್ಜನ ಸ್ಟುಡಿಯೋ ಫೋಟೊ ಒಂದಿದೆ. ಪೌಡರ್ ಹಾಕಿ ಕುರ್ಚಿಯಲ್ಲಿ ಕುಳಿತ ಆ ಮನುಷ್ಯನನ್ನು ಅಜ್ಜಿ ಗಂಡನೆಂದು ಒಪ್ಪುವುದೇ ಇಲ್ಲ.

ಮಳೆಗಾಲಕ್ಕೆ ಮುಂಚೆ ಮರದ ದೋಣಿಗಳನ್ನು ದಡಕ್ಕೆಳೆದು ಮರ ಕೆಡದಂತೆ ಮೀನೆಣ್ಣೆ ಬಳಿಯುತ್ತಿದ್ದರು. ಅಜ್ಜಿ ಪ್ರತಿವರ್ಷ ಚಿತ್ರದ ದೋಣಿಗೂ ಬಳಿದರು. ಎಣ್ಣೆ ಆಕಾಶಕ್ಕೂ ಹಬ್ಬಿತು. ಈಗ ಕಡಲು, ದೋಣಿ, ಅಜ್ಜ, ಎಲ್ಲ ಒಂದೇ ಕಂದು.

ಕಳೆದ ಬೇಸಿಗೆಯಲ್ಲಿ ನಾನು ಅಲ್ಲಿದ್ದಾಗ, ಚಿತ್ರವನ್ನು ತೊಳೆಯಲೆಂದು ಮಾವ ಬ್ರಹ್ಮಾವರದಿಂದ ಬಂದರು.

“ಎಂತ ಅಮ್ಮ ಇದ್? ಬೆಕ್ಕ್ ಬಂದ್ ನೆಕ್ಕುದೊಂದ್ ಬಾಕಿ!”

“ದೋಣಿಗ್ ಹಾಕ್ರೆ ಹಾಳಾತಿಲ್ಲೆ, ಇದ್ಕ್ ಹಾಕ್ರೆ ಹಾಳಾತ್ತಾ?” ಎಂದರು ಅಜ್ಜಿ. “ನೀನ್ ಅಪ್ಪಂಗೆ ಒಂದ್ ಮುಖನೂ ಬಿಡ್ಸಲಿಲ್ಲೆ. ದೊಡ್ಡ ಕಲಾವಿದ!”

ಮಾವ ನಕ್ಕು, ಸೀಸೆಯ ದ್ರಾವಣದಲ್ಲಿ ಹತ್ತಿ ಅದ್ದಿ ಆಕಾಶದ ಮೂಲೆಯನ್ನು ಉಜ್ಜಿದರು. ಹತ್ತಿಗೆ ಮೊದಲು ಕಂದು ಬಂತು. ಆಮೇಲೆ ಆಕಾಶದ ನೀಲಿಯೂ ಬಂತು. ಅವರ ನಗು ನಿಂತಿತು.

ಅಜ್ಜಿ ಹತ್ತಿಯನ್ನೇ ನೋಡುತ್ತಿದ್ದರು. “ಅವ್ರೂ ಹಿಂಗೇ ಎದ್ದ್ ಬತ್ರಾ?”

“ನಾಳೆ ಕಾಂಬ,” ಎಂದರು ಮಾವ, ಅಜ್ಜಿಯ ಮುಖ ನೋಡದೆ.

ಸಂಜೆ ದೀಪ ಹಚ್ಚಿದ ಮೇಲೆ ಅಜ್ಜಿ ಅಡುಗೆಮನೆಯ ಬಾಗಿಲಲ್ಲಿ ನಿಂತರು. ಅಲ್ಲಿಂದಲೇ ಅವರು ಯಾವಾಗಲೂ ಚಿತ್ರ ನೋಡುವುದು. “ನಂಗೆ ಕಣ್ಣ್ ಸಾಲ್ದ್, ಮಗಾ. ಅವ್ರ್ ಇದ್ರಾ?”

ನಾನು ಎಷ್ಟು ಹಿಂದೆ ಸರಿದರೂ ದೋಣಿಯೇ ಕಾಣಲಿಲ್ಲ. ಆದರೂ ಆ ಕಂದಿನೊಳಗೆ ಯಾರೋ ನಿಂತು, ನಾನು ಏನು ಹೇಳುತ್ತೇನೆಂದು ಕಾಯುತ್ತಿರುವ ಹಾಗಿತ್ತು. “ಇದ್ರ್, ಅಜ್ಜಿ,” ಎಂದೆ. ಆ ರಾತ್ರಿ ಚಿತ್ರಕ್ಕೆ ಬೆನ್ನು ಹಾಕಿ ಮಲಗಲು ನನ್ನಿಂದಾಗಲಿಲ್ಲ.

ಮರುದಿನ ಬೆಳಿಗ್ಗೆ ಮಾವ ಏಳುವ ಮೊದಲೇ ಚಿತ್ರವನ್ನು ಅಂಗಳಕ್ಕೆ ತಂದು ಓರೆ ಬಿಸಿಲಿಗೆ ಹಿಡಿದೆ. ಬಣ್ಣ ಕಾಣದಿದ್ದರೂ ಕುಂಚದ ಉಬ್ಬುಗಳಿಗೆ ನೆರಳು ಬಂತು. ನಡುವೆ ಎರಡು ಉಬ್ಬು ಒಂದರ ಮೇಲೊಂದು. ಅಜ್ಜಿಯನ್ನು ಕರೆದು ಅವರ ಬೆರಳನ್ನು ಅಲ್ಲಿಟ್ಟೆ. ಅವರು ಅದನ್ನು ತೆಗೆಯದೆ ನಿಂತರು. ನಾನು ಒಳಗೆ ಹೋಗಿ ಮಾವನ ಹತ್ತಿಯನ್ನೂ ಸೀಸೆಯನ್ನೂ ಅವರ ಚೀಲಕ್ಕೆ ಹಾಕಿದೆ.