ಒಂದು ಅಂತ ಬರೀರಿ

ನಮ್ಮ ಮಹಡಿಯ ಖೋಲಿಗೆ ಒಡಿಶಾದ ಎಂಜಿನಿಯರ್ ಬಾಡಿಗೆಗೆ ಬಂದಾಗ ಅವನಿಗೆ ಕನ್ನಡದಲ್ಲಿ ಬರುತ್ತಿದ್ದುದು "ನೀರು ಬಂದಿಲ್ಲ" ಅನ್ನುವುದೊಂದೇ. ಕಲಬುರಗಿಯಲ್ಲಿ ಬಾಳುವೆಗೆ ಅಷ್ಟು ಸಾಕಿತ್ತು. ಉಳಿದದ್ದನ್ನು ಸೇಡಂ ರಸ್ತೆಯ ಅಂಗಡಿಗಳಲ್ಲಿ, ನನ್ನ ಬೈಗುಳದಲ್ಲಿ ಕಲಿತ.

ಮಳೆ ಬಂದರೆ ಗಲ್ಲಿಯ ಗಟಾರದ ನೀರೆಲ್ಲ ನಮ್ಮ ಮನೆಯೊಳಗೆ. ಗಟಾರ ಕಟ್ಟಿದ ಕಾಂಟ್ರಾಕ್ಟರ್ ಮಾತ್ರ "ಇಳಿಜಾರು ಬರೋಬರಿ ಅದ" ಎನ್ನುತ್ತಿದ್ದ. ಒಂದು ಮುಂಜಾನೆ ಎಂಜಿನಿಯರ್ ಗೌಂಡಿಗಳ ಹಾಗೆ ತೆಳ್ಳನೆಯ ಪೈಪಿಗೆ ನೀರು ತುಂಬಿ, ಒಂದು ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ಹಿಡಿದು ಗಲ್ಲಿಯ ಕೊನೆಗೆ ಹೋದ. ಎರಡೂ ತುದಿಯ ನೀರಿನ ಮಟ್ಟದಿಂದ ಗಟಾರದ ಆಳ ಅಳೆದಾಗ, ಅದು ನಮ್ಮ ಮನೆಯ ಕಡೆಗೇ ಇಳಿದಿರುವುದು ಎಲ್ಲರಿಗೂ ಕಂಡಿತು. ಅದನ್ನು ಒಡೆದು ಕಟ್ಟಿಸುವ ತನಕ ಅವನು ಪಾಲಿಕೆಯ ಬಾಗಿಲು ಬಿಡಲಿಲ್ಲ. ಮುಂದಿನ ಚುನಾವಣೆಯಲ್ಲಿ ಜನ ಅವನನ್ನೇ ಪಾಲಿಕೆಗೆ ಆರಿಸಿ ಕಳಿಸಿದರು.

ಕೆಲವು ವರ್ಷದ ಮೇಲೆ ವಿಧಾನ ಪರಿಷತ್ತಿಗೆ ನಿಂತ, ಯಾವ ಪಕ್ಷವೂ ಇಲ್ಲದೆ. ಪದವೀಧರರ ಕ್ಷೇತ್ರ, ಡಿಗ್ರಿ ಪಡೆದವರಿಗಷ್ಟೇ ಓಟು. ಮೂರನೆಯ ಇಯತ್ತೆಗೆ ಸಾಲಿ ಬಿಟ್ಟ ನನಗೆ ಇಲ್ಲ.

"ನಿಮ್ಮ ತವರು ಕಮಲಾಪುರ ಅಲ್ಲೇನ್ರೀ ಅಮ್ಮಾ? ಪ್ರಚಾರಕ್ಕ ನನ್ನ ಜೋಡಿ ಬರ್ರಿ. ಓದಿದವರೇ ಓಟು ಕೆಡಿಸ್ತಾರ್ರೀ. ಹೆಸರಿನ ಮುಂದ ಒಂದು ಅಂತ ಅಂಕಿ ಬರೀಬೇಕು. ಟಿಕ್ ಹಾಕಿದ್ರ, ಸಹಿ ಮಾಡಿದ್ರ ರದ್ದು" ಎಂದ.

ಓದಿದವರು ಅಂಥ ಹುಚ್ಚುತನ ಮಾಡುತ್ತಾರೆಂದು ನಾನು ನಂಬಲಿಲ್ಲ. ಆದರೂ ಹೋದೆ.

ಮೊದಲನೆಯದು ನನ್ನ ತವರಿನ ಮಗ್ಗುಲ ಮನೆ, ರಿಟೈರ್ಡ್ ಹೆಡ್ ಮಾಸ್ತರರದು. ಕೆಂಪು ಬಾಳೆಹಣ್ಣು ಕೊಟ್ಟು ಕೂರಿಸಿದರು. ನಾನು ನೇರ ಹೇಳಿದೆ. "ಅಣ್ಣಾ, ಇವನ ಹೆಸರಿನ ಮುಂದ ಒಂದು ಅಂತ ಬರೀ. ಸಹಿ ಮಾಡಬ್ಯಾಡ."

"ಜಲ್ಮೆಲ್ಲ ಸಾಲಿ ಕಲಿಸೀನಿ. ನನಗ ಒಂದು ಬರಿಯೋದು ನೀ ಕಲಿಸ್ತೀಯೇನು ತಂಗಿ?"

ಅಡುಗೆಮನೆಯಿಂದ ಅವರ ಹೆಂಡತಿಯ ದನಿ ಬಂತು. "ಕಲಿಸ್ರೀ ಅಕ್ಕಾ. ಹೋದ ಸಲ ಓಟಿನ ಚೀಟಿಗಿ ಚಂದಾಗಿ ಸಹಿ ಮಾಡಿ ಬಂದಾರ. ತಾರೀಖು ಸೈತ ಹಾಕ್ಯಾರಂತ."

"ಸಹಿ ಇಲ್ಲದ ಕಾಗದಕ್ಕ ಕಿಮ್ಮತ್ತು ಏನದ?" ಮಾಸ್ತರರು ಗದರಿದರು.

ನನಗೆ ನಗು ಬಂತು. ಎಂಜಿನಿಯರ್ ನಗಲಿಲ್ಲ. "ಖರೇ ಅದ ಸರ್. ನನ್ನ ನಕಾಶೆಗೂ ಸಹಿ ಇಲ್ದಿದ್ರ ಯಾರೂ ಲೆಕ್ಕಕ್ಕ ಹಿಡಿಯಂಗಿಲ್ಲ. ಈ ಒಂದು ಕಾಗದಕ್ಕ ಅಷ್ಟೇ ಉಲ್ಟಾ ನೋಡ್ರಿ."

ಮಾಸ್ತರರು ಕಿಸೆಯಿಂದ ಪೆನ್ನು ತೆಗೆದರು. ಹಳೆಯ ವಹಿಯ ಹಾಳೆಯಲ್ಲಿ ಒಂದು ಅಂತ ಬರೆದರು. ಕೈ ತಾನಾಗಿ ಸಹಿಗೆಂದು ಕೆಳಗೆ ಇಳಿಯಿತು. ತಡೆದು ಪೆನ್ನು ಕಿಸೆಗೆ ಇಟ್ಟುಕೊಂಡರು. ನಾನು ಎಷ್ಟೋ ಪುಢಾರಿಗಳನ್ನು ನೋಡಿದ್ದೇನೆ. ಒಬ್ಬ ಹಟಮಾರಿ ಮುದುಕನನ್ನು ಅವನ ಮನೆಯಲ್ಲೇ, ಅವನ ಮಾನ ಕಳೆಯದೆ, ಪರವೂರಿನವನು ಹೀಗೆ ತಿದ್ದಿದ್ದನ್ನು ನೋಡಿರಲಿಲ್ಲ.

ಆ ದಿನ ಮಾಸ್ತರರು, ವಕೀಲರು, ಬ್ಯಾಂಕಿನವರು ಎಂದು ಸಂಜೆವರೆಗೆ ತಿರುಗಿದೆವು. ಹೋದ ಸಲ ಟಿಕ್ ಹಾಕಿದವರು ಮನೆಗೊಬ್ಬರಾದರೂ ಸಿಕ್ಕರು. ಸಾಲಿ ಬಿಟ್ಟ ನಾನು ಅವರಿಗೆ ಒಂದು ಬರೆಯಲು ಹೇಳಿಕೊಟ್ಟೆ.

ಎಣಿಕೆ ಎರಡು ದಿನ ನಡೆಯಿತು. ಎಲ್ಲ ಪೆಟ್ಟಿಗೆಯ ಚೀಟಿಗಳನ್ನು ಕಲಸಿ ಎಣಿಸುತ್ತಾರೆ, ಹಾಗಾಗಿ ಕಮಲಾಪುರ ಏನು ಕೊಟ್ಟಿತೋ ಯಾರಿಗೂ ಗೊತ್ತಿಲ್ಲ. ಕೆಟ್ಟ ಓಟುಗಳ ಕಟ್ಟು ಈ ಸಲವೂ ದಪ್ಪಗೇ ಇತ್ತಂತೆ. ಕಡೆಯ ಸುತ್ತಿನಲ್ಲಿ, ಕೂದಲೆಳೆಯ ಅಂತರದಲ್ಲಿ, ಅವನು ಗೆದ್ದ.

ಮರುದಿನ ಅಂಗಿಯ ಮೇಲೆ ಗುಲಾಲು ಹಾಗೇ ಇಟ್ಟುಕೊಂಡು ಮನೆಗೆ ಬಂದ. ವಯಸ್ಸಿನಲ್ಲಿ ಸಣ್ಣವರು ಬಂದರೆ ನಾನು ಕುರ್ಚಿ ಬಿಟ್ಟು ಏಳುವವಳಲ್ಲ. ಅಂದು ಎದ್ದೆ.

"ಕೂಡ್ರಿ ಅಮ್ಮಾ, ಮೊಣಕಾಲು ನೋಯ್ತಾವ" ಎಂದ.

"ನೋಯಲಿ" ಅಂದೆ.